ಬಲ ಹೆಗಲಿನ ಪಟ್ಟಿ

ಪುರೋಹಿತರು “ಅಪಸವ್ಯ” ಎಂದರು. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ, ಕಾರ್ಕಳದ ನಮ್ಮ ಮನೆಯ ಜಗಲಿಯಲ್ಲಿ ಎಳ್ಳು, ನೀರು, ದರ್ಭೆ ಇಟ್ಟುಕೊಂಡು ಕೂತಿದ್ದೆ. ಎಡ ಹೆಗಲಿನ ಜನಿವಾರವನ್ನು ಬಲ ಹೆಗಲಿಗೆ ಬದಲಿಸಿಕೊಳ್ಳುವಾಗ ತಡೆಯಲಾರದೆ ನಕ್ಕುಬಿಟ್ಟೆ.

“ಪಿತೃಕಾರ್ಯದಲ್ಲಿ ನಗುವುದುಂಟಾ ಆಚಾರ್ಯರೇ?” ಎಂದು ಅವರು ಹುಬ್ಬು ಗಂಟಿಕ್ಕಿದರು. ತಪ್ಪಾಯಿತು ಎಂದೆ. ಮೂವತ್ತು ವರ್ಷ ದಾಟಿದರೂ ಆ ಒಂದು ಮಾತು ಕಿವಿಗೆ ಬಿದ್ದರೆ ಕುವೈತಿನಲ್ಲಿ ರಾಯ್ ಎಂಬ ಕಾರ್ಖಾನೆ ಪ್ರದೇಶದ ಒಂದು ವರ್ಕ್‌ಶಾಪು, ನೀಲಿ ರೇಷ್ಮೆಯ ಏಳು ಪಟ್ಟಿಗಳು, ಮೆಶಿನ್ನಿನ ಮೇಲೆ ಬಗ್ಗಿದ ಲಾರೆನ್ಸನ ಬೆನ್ನು ನೆನಪಿಗೆ ಬರುತ್ತವೆ ಎಂದು ಅವರಿಗೆ ಹೇಗೆ ಹೇಳಲಿ?

ಶುಭಕಾರ್ಯಕ್ಕೆ ಜನಿವಾರ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಬರಬೇಕು. ಸತ್ತವರ ಕಾರ್ಯಕ್ಕೆ ಮಾತ್ರ ಬಲ ಹೆಗಲಿಗೆ. ಅದು ಅಪಸವ್ಯ. ಏನಾದರೂ ಎಡವಟ್ಟಾದರೂ ನಮ್ಮಲ್ಲಿ ಅಪಸವ್ಯವಾಯಿತು ಎನ್ನುತ್ತಾರೆ. 1990ರ ಆ ವಸಂತದಲ್ಲಿ ನಾನು ಎರಡೂ ಅರ್ಥಗಳನ್ನು ಒಂದೇ ದಾರದಲ್ಲಿ ಹೊಲಿದೆ.

ನಮ್ಮದು ಬಹುಮಾನದ ಸಾಮಾನು ಮಾಡುವ ವರ್ಕ್‌ಶಾಪು. ಫುಟ್‌ಬಾಲ್ ಕಪ್ಪು, ಶಾಲೆಯ ಶೀಲ್ಡು, ಕಂಪೆನಿಗಳ ಬ್ಯಾಜು, ಪದಕ, ಪದಕಕ್ಕೆ ಮಕಮಲ್ಲಿನ ಪೆಟ್ಟಿಗೆ. ಅಕ್ಕಸಾಲಿಗರ ಮನೆಯವನಾದ ನಾನು ಅಲ್ಲಿ ಹತ್ತು ವರ್ಷದಿಂದ ಪದಕಗಳಿಗೆ ಕೊಕ್ಕೆ ಕೂರಿಸುತ್ತಿದ್ದೆ, ಪೆಟ್ಟಿಗೆಗಳಿಗೆ ಮಕಮಲ್ಲು ಹೊದಿಸುತ್ತಿದ್ದೆ, ಹೊಲಿಗೆಯನ್ನೂ ಕಲಿತಿದ್ದೆ. ಲಾರೆನ್ಸ್ ಬಂದು ಮೂರೇ ವರ್ಷ. ಮಂಗಳೂರಿನ ಕೊಂಕಣಿ ಕ್ರಿಸ್ತಾಂವ, ಟೈಲರ್, ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಫೋರ್‌ಮನ್ ಫೆಲಿಕ್ಸ್ ಅವನ ಅಕ್ಕನ ಗಂಡ. ಇಷ್ಟು ಹೇಳಿದರೆ ನನ್ನ ಹೊಟ್ಟೆಕಿಚ್ಚಿನ ಕಥೆ ಅರ್ಧ ಹೇಳಿದ ಹಾಗೆ.

ಉಳಿದರ್ಧ ಲಾರೆನ್ಸನ ಮನೆಯಲ್ಲಿತ್ತು. ಹೆಂಡತಿ ಗ್ರೇಸಿ ಆಸ್ಪತ್ರೆಯಲ್ಲಿ ನರ್ಸ್. ಮೈದಾನ್ ಹವಲ್ಲಿಯಲ್ಲಿ ಎರಡು ಕೋಣೆಯ ಫ್ಲ್ಯಾಟು. ಎಂಟು ವರ್ಷದ ಮಗಳು ರೋಶ್ನಿ. ನಾನು ಅರ್ದಿಯಾದ ಲೇಬರ್ ರೂಮಿನಲ್ಲಿ ಐವರ ಜೊತೆ ಕಬ್ಬಿಣದ ಮಂಚದ ಮೇಲೆ. ನನ್ನ ಹೆಂಡತಿ ಶಶಿಕಲಾ ಕಾರ್ಕಳದಲ್ಲಿ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾವು ಒಟ್ಟಿಗೆ ಇದ್ದದ್ದು ಎಲ್ಲ ಸೇರಿ ಒಂಬತ್ತು ತಿಂಗಳೂ ಇರಲಿಕ್ಕಿಲ್ಲ. ಫ್ಯಾಮಿಲಿ ವೀಸಾ ಸಿಗಬೇಕಾದರೆ ನಾನು ಹೊಲಿಗೆ ವಿಭಾಗದ ಮಾಸ್ಟರ್ ಆಗಬೇಕಿತ್ತು. ಆ ಸಂಬಳಕ್ಕೆ ಮಾತ್ರ ವೀಸಾ. ಹಳೆಯ ಮಾಸ್ಟರ್, ಒಬ್ಬ ಪಾಕಿಸ್ತಾನಿ, ಆ ಚಳಿಗಾಲದಲ್ಲಿ ಊರಿಗೆ ಹೋದವನು ಮರಳಲಿಲ್ಲ. ಕುರ್ಚಿ ಖಾಲಿ ಇತ್ತು. ನಾನು ದಿನಾ ಅದರ ದೂಳು ಒರೆಸುತ್ತಿದ್ದೆ, ಯಾರೂ ಹೇಳದೆಯೇ.

ಶುಕ್ರವಾರ ಲಾರೆನ್ಸ್ ಒಮ್ಮೊಮ್ಮೆ ಊಟಕ್ಕೆ ಕರೆಯುತ್ತಿದ್ದ. ಗ್ರೇಸಿ ಬಂಗುಡೆ ಗಸಿ ಮಾಡಿ ಬಡಿಸುವಳು. “ಇನ್ನೊಂದು ತುಂಡು ಹಾಕ್ಕೊಳ್ಳಿ ಆಚಾರ್ರೆ, ರೂಮಲ್ಲಿ ಯಾರು ಕೊಡ್ತಾರೆ ನಿಮಗೆ” ಎನ್ನುವಳು. ಪ್ರೀತಿಯ ಮಾತೇ. ನನಗೆ ಮಾತ್ರ ಮುಳ್ಳು ಗಂಟಲಿಗೆ ಸಿಕ್ಕಿದ ಹಾಗಾಗುತ್ತಿತ್ತು. ಮಗುವನ್ನು “ಶಾಲೆ ಹೇಗುಂಟು ಮಗಾ?” ಎಂದು ಕೇಳಿದರೆ ಕನ್ನಡ ಅರ್ಥವಾಗಿಯೂ “ಫೈನ್ ಅಂಕಲ್” ಎಂದು ಓಡುವಳು. ಅವಳ ಆ ಇಂಗ್ಲಿಷ್ ಕೂಡ ನನ್ನ ಕಣ್ಣು ಕುಕ್ಕಿತು. ಉಂಡ ಮನೆಯ ಗಳ ಎಣಿಸಬಾರದು ಎನ್ನುತ್ತಾರೆ. ನಾನು ಗಳ, ಫ್ಯಾನು, ಫ್ರಿಜ್ಜು, ಕಿಟಕಿಯ ಪರದೆ ಎಲ್ಲ ಎಣಿಸಿಕೊಂಡು ಬರುತ್ತಿದ್ದೆ.

ಮಾರ್ಚ್ ತಿಂಗಳು, ದೂಳುಗಾಳಿ ಎದ್ದು ಆಕಾಶ ಅರಿಶಿನವಾಗಿದ್ದ ದಿನ, ನಮ್ಮ ಕಫೀಲ್ ಸ್ವತಃ ವರ್ಕ್‌ಶಾಪಿಗೆ ಬಂದ. ಶಾಪಿನ ಒಡೆಯ, ನಮ್ಮೆಲ್ಲರ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಅವನ ಕೈಯಲ್ಲಿ. ಬಂದರೆ ವರ್ಷಕ್ಕೆರಡು ಸಲ. ದೊರೆ ತನ್ನ ಮನೆತನದ ಏಳು ಜನರಿಗೆ ಗೌರವ ಪದಕ ಕೊಡಲಿದ್ದಾನಂತೆ. ಪದಕ ಹೊರದೇಶದಿಂದ ತಯಾರಾಗಿ ಬಂದಿದೆ. ಅದನ್ನು ಧರಿಸುವ ಅಗಲವಾದ ರೇಷ್ಮೆ ಪಟ್ಟಿ, ಅರಬಿಯಲ್ಲಿ ವಿಶಾಹ್, ಹೆಗಲಿನಿಂದ ಓರೆಯಾಗಿ ಇಳಿದು ಎದುರು ಬದಿಯ ಸೊಂಟದಲ್ಲಿ ಸೇರುವಂಥದ್ದು, ನಾವು ಹೊಲಿಯಬೇಕು. ಚೆನ್ನಾಗಿ ಹೊಲಿದವನು ಮಾಸ್ಟರ್. ಇಷ್ಟನ್ನು ಅವನು ಅರಬಿಯಲ್ಲಿ ಹೇಳಿ, ಒಂದು ಅಚ್ಚಾದ ಚಿತ್ರದ ಕಾರ್ಡನ್ನು ಮೇಜಿನ ಮೇಲಿಟ್ಟು, “ಯಲ್ಲಾ” ಎಂದು ಹೊರಟುಹೋದ.

ಫೆಲಿಕ್ಸ್ ಕನ್ನಡದಲ್ಲಿ ಹೇಳಿದ. ಆಮೇಲೆ ಹಂಚಿದ. ಲಾರೆನ್ಸನಿಗೆ ಆರು, ನನಗೆ ಒಂದು.

“ಒಂದಾ?” ಎಂದೆ.

“ಪೆಟ್ಟಿಗೆ ಏಳೂ ನಿಮ್ಮದೇ ಅಲ್ವಾ ಆಚಾರ್ರೆ? ಅದೂ ದೊಡ್ಡ ಕೆಲಸವೇ.”

“ಪೆಟ್ಟಿಗೆಯನ್ನು ಯಾರೂ ಹೆಗಲಿಗೆ ಹಾಕುವುದಿಲ್ಲ ಫೆಲಿಕ್ಸಣ್ಣ.”

ಆ ದಿನ ರೂಮಿನಲ್ಲಿ ಕೂಗಾಡಿದೆ. ದೊರೆಯನ್ನೂ ಬಿಡಲಿಲ್ಲ. ತನ್ನ ತಮ್ಮನಿಗೆ, ತನ್ನ ಚಿಕ್ಕಪ್ಪನ ಮಗನಿಗೆ ತಾನೇ ಪದಕ ತೊಡಿಸುವುದು ಯಾವ ದೊಡ್ಡಸ್ತಿಕೆ? ಬಡಿಸುವವ ನಮ್ಮವನಾದರೆ ಕೊನೆ ಪಂಕ್ತಿಯಲ್ಲಿ ಕೂತರೂ ಆದೀತು! ಅರಮನೆಯಲ್ಲೂ ಅದೇ, ರಾಯ್‌ನ ಶೆಡ್ಡಿನಲ್ಲೂ ಅದೇ. ರೂಮಿನವರಲ್ಲಿ ಹಿರಿಯನಾದ ಉಡುಪಿಯ ಹೋಟೆಲ್ ಮಾಣಿ ಶೀನಣ್ಣ ಅಕ್ಕಿ ಆರಿಸುತ್ತ, “ನಿನಗೆ ದೊರೆಯ ಮೇಲೆ ಸಿಟ್ಟಾ, ಲಾರೆನ್ಸನ ಮೇಲಾ? ಒಂದು ಸರಿಯಾಗಿ ಹೇಳು ಮಾರಾಯ, ಅನ್ನ ಇಡ್ಲಿಕ್ಕುಂಟು” ಎಂದ. ಎಲ್ಲರೂ ನಕ್ಕರು. ನಾನು ಹೊರಗೆ ಹೋಗಿ ದೂಳಿನಲ್ಲಿ ನಿಂತೆ.

ನನ್ನ ಒಂದು ಪಟ್ಟಿಯನ್ನು ಹೇಗೆ ಹೊಲಿದೆ ಎಂದರೆ, ಅದರಲ್ಲಿ ಶಶಿಕಲಾಳ ವಿಮಾನದ ಟಿಕೆಟ್ಟೇ ಇದೆ ಎಂಬ ಹಾಗೆ. ಪಟ್ಟಿಯ ಎರಡು ತುದಿ ಸೊಂಟದಲ್ಲಿ ಸೇರುವಾಗ ಮುಂಭಾಗದ ತುದಿ ಮೇಲೆ ಬರಬೇಕು. ಅಲ್ಲೇ ರೇಷ್ಮೆಯ ಹೂ, ಹೂವಿನಡಿ ಪದಕದ ಕೊಕ್ಕೆ. ಒಮ್ಮೆ ಹೊಲಿದರೆ ಹೆಗಲು ಬದಲಿಸುವ ಹಾಗಿಲ್ಲ. ಬದಲಿಸಿದರೆ ಪದಕ ಸೊಂಟದಿಂದ ಹಿಂದೆ ಸರಿದು, ಹೇಳಬಾರದ ಜಾಗದಲ್ಲಿ ಕೂರುತ್ತದೆ. ಕಾರ್ಡಿನ ಚಿತ್ರ ಒಮ್ಮೆ ನೋಡಿದೆ. ಪಟ್ಟಿ ನನ್ನ ಎಡಗೈ ಕಡೆಯ ಹೆಗಲಿನಿಂದ ಹೊರಟಿತ್ತು. ಮತ್ತೆ ನೋಡಲಿಲ್ಲ. ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಧರಿಸುವುದು ಹೇಗೆಂದು ಜನಿವಾರ ಹಾಕಿದವನಿಗೆ ಕಲಿಸಬೇಕೆ?

ಎರಡನೆಯ ವಾರ ಲಾರೆನ್ಸನ ಮೇಜಿನ ಹತ್ತಿರ ಹೋದಾಗ ಅಳತೆ ನೋಡುವ ಗೊಂಬೆಯ ಮೇಲೆ ಅವನ ಮೊದಲ ಪಟ್ಟಿ ಇತ್ತು. ಬಲ ಹೆಗಲಿಗೆ. ಮೊದಲು ಅನಿಸಿದ್ದು, ಅಯ್ಯೋ, ಮಂಗಳದ ದಿನ ಅಪಸವ್ಯ! ಮರುಕ್ಷಣ ಅನಿಸಿದ್ದನ್ನು ಇವತ್ತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಸಂತೋಷವಾಯಿತು. ಆರಕ್ಕೆ ಆರೂ ತಪ್ಪು. ತುಂಬಿದ ಸಭೆಯಲ್ಲಿ ದೊರೆ ತನ್ನ ತಮ್ಮನಿಗೆ ಪಟ್ಟಿ ತೊಡಿಸುತ್ತಾನೆ, ಪದಕ ಬೆನ್ನ ಹಿಂದೆ ಜೋತಾಡುತ್ತದೆ, ಕಫೀಲ್ ಬಂದು ಫೆಲಿಕ್ಸನ ಕುತ್ತಿಗೆ ಹಿಡಿಯುತ್ತಾನೆ. ಸರಿಯಾಗಿರುವುದು ಒಂದೇ, ನನ್ನದು. ಬಾಯಿಗೆ ಬೀಗ ಹಾಕಿಕೊಂಡೆ.

ಅದೇ ವಾರ ಲಾರೆನ್ಸ್ ಕಾರ್ಡು ಹಿಡಿದುಕೊಂಡು ನನ್ನ ಹತ್ತಿರ ಬಂದ. “ಆಚಾರ್ರೆ, ಒಂದು ಮಾತುಂಟು, ಈ ಪಟ್ಟಿಯದ್ದು…”

“ನನಗೆ ಕೆಲಸ ಉಂಟು” ಎಂದೆ, ತಲೆ ಎತ್ತದೆ. ಮತ್ತೆರಡು ಸಲ ಬಂದ. ಎರಡು ಸಲವೂ ಮೆಶಿನ್ ಜೋರಾಗಿ ತುಳಿದೆ. ಸಲಹೆ ಕೇಳಲು ಬಂದಿದ್ದಾನೆ, ಬೇಯಲಿ ಎಂದುಕೊಂಡೆ.

ಏಪ್ರಿಲ್‌ನಲ್ಲಿ ಏಳೂ ಪಟ್ಟಿ ಮುಗಿದವು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಶಾಪು ಮುಚ್ಚುತ್ತಿತ್ತು. ನಾನು ರೂಮಿಗೆ ಹೋಗಿ ಉಂಡು ಮಲಗಿ ಬಂದೆ. ಅಷ್ಟರಲ್ಲಿ ಲಾರೆನ್ಸ್ ಎಲ್ಲವನ್ನೂ ಇಸ್ತ್ರಿ ಮಾಡಿ, ಮಡಚಿ, ನನ್ನ ಪೆಟ್ಟಿಗೆಗಳಲ್ಲಿಟ್ಟು ರಿಬ್ಬನ್ ಕಟ್ಟಿದ್ದ. ಸಂಜೆ ಅರಮನೆಯ ಕಾರು ಬಂದು ಒಯ್ಯಿತು. ವಾರ ಕಳೆದು ಕಫೀಲ್ ಹೇಳಿಕಳಿಸಿದ: ನೋಡಿದವರಿಗೆ ಮೆಚ್ಚುಗೆಯಾಗಿದೆ, ಮಾಸ್ಟರ್ ಹೆಸರು ಫೋರ್‌ಮನ್ ಹೇಳಲಿ. ಫೆಲಿಕ್ಸ್ ಲಾರೆನ್ಸನ ಹೆಸರು ಹೇಳಿದ.

ನಾನು ಎಲ್ಲರ ಎದುರೇ ಕೇಳಿದೆ. “ನನ್ನ ಪಟ್ಟಿಗೆ ಏನು ಕಡಿಮೆಯಾಗಿತ್ತು? ಅದು ಪಾಸಾಗಲಿಲ್ಲವಾ? ಹೆಂಡತಿಯ ತಮ್ಮ ಅಂತ ನೇರ ಹೇಳಿ, ನಾನು ಸುಮ್ಮನಿರ್ತೇನೆ.”

ಫೆಲಿಕ್ಸನ ಮುಖ ಕೆಂಪಾಯಿತು. ಬಾಯಿ ತೆರೆದ. ಲಾರೆನ್ಸ್ ಅವನ ತೋಳು ಹಿಡಿದ. “ಬಿಡಿ ಭಾವ. ಅವರ ಪಟ್ಟಿಗೆ ಏನೂ ಕಡಿಮೆ ಇರಲಿಲ್ಲ. ಕೊಕ್ಕೆ ನನ್ನದಕ್ಕಿಂತ ಚೆಂದ ಇತ್ತು” ಎಂದ. ಆ ಹೊಗಳಿಕೆ ನನಗೆ ಗಾಯಕ್ಕೆ ಉಪ್ಪು ಹಾಕಿದಂತಾಯಿತು. ಆದರೂ ನನ್ನ ಕೈಯಲ್ಲಿ ಒಂದು ತುರುಪು ಉಳಿದಿತ್ತು. ಕಾಯುತ್ತೇನೆ ಎಂದುಕೊಂಡೆ.

ಮೇ ತಿಂಗಳ ಒಂದು ಸಂಜೆ ಪದಕ ಕೊಡುವ ಸಮಾರಂಭ ಟಿ.ವಿ.ಯಲ್ಲಿ ಬಂತು. ಹೊರಗೆ ಬೆಂಕಿಯಂಥ ಸೆಕೆ. ನಾನು ರೂಮಿನವರಿಗೆಲ್ಲ ಪೆಪ್ಸಿ ತರಿಸಿದ್ದೆ, ಏಕೆಂದು ಹೇಳಿರಲಿಲ್ಲ. ದೊಡ್ಡ ಸಭಾಂಗಣ, ರತ್ನಗಂಬಳಿ, ಬಿಳಿಯ ಉದ್ದಂಗಿ ದಿಶ್‌ದಾಶದ ಮೇಲೆ ಕಪ್ಪು ನಿಲುವಂಗಿ ಹೊದ್ದ ಹಿರಿಯರು. ಒಬ್ಬೊಬ್ಬರೇ ಮುಂದೆ ಬಂದರು. ದೊರೆ ನೀಲಿ ಪಟ್ಟಿ ತೊಡಿಸಿದ. ಬಲ ಹೆಗಲಿಗೆ. ಪದಕ ಎಡ ಸೊಂಟದ ಮೇಲೆ, ಎಲ್ಲಿ ಕೂರಬೇಕೋ ಅಲ್ಲಿ, ಕ್ಯಾಮೆರಾದ ಬೆಳಕಿಗೆ ಮಿಂಚುತ್ತ ಕೂತಿತು. ಎರಡನೆಯವರಿಗೂ ಬಲ ಹೆಗಲು. ಮೂರು, ನಾಲ್ಕು. ಬಲ ಹೆಗಲೇ ಅವರ ಕ್ರಮ. ಚಿತ್ರದಲ್ಲಿದ್ದ ಮನುಷ್ಯ ನನ್ನ ಕಡೆ ಮುಖ ಮಾಡಿ ನಿಂತಿದ್ದ; ನನ್ನ ಎಡ ಅವನ ಬಲ. ಹಾಗಾದರೆ ತಪ್ಪಿದ್ದು ಒಂದೇ. ಐದನೆಯದೋ, ಆರನೆಯದೋ, ಯಾರ ಬೆನ್ನಿಗೆ ನನ್ನ ಪದಕ ಹೋಗುತ್ತದೋ ಎಂದು ಟಿ.ವಿ.ಯ ಹತ್ತಿರಕ್ಕೆ ಸರಿದು ಕೂತೆ.

ಏಳನೆಯವರೂ ಬಂದು ಹೋದರು. ಏಳೂ ಪದಕ ಎಡ ಸೊಂಟದಲ್ಲೇ ಇದ್ದವು. ನಾನು ಹೊಲಿದದ್ದು ಯಾವುದೆಂದು ನನಗೇ ಗುರುತು ಸಿಗಲಿಲ್ಲ. “ನಿಂದು ಯಾವುದು ಮಾರಾಯ?” ಎಂದು ಶೀನಣ್ಣ ಕೇಳಿದ. “ಕೊನೇದ್ದು” ಎಂದು ಸುಳ್ಳು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಲಾರೆನ್ಸನನ್ನು ಶಾಪಿನ ಹಿಂದೆ ನಿಲ್ಲಿಸಿದೆ. “ನನ್ನ ಪಟ್ಟಿ ಬಿಚ್ಚಿದ್ದು ನೀನಾ?”

“ಹೌದು ಆಚಾರ್ರೆ. ಪೆಟ್ಟಿಗೆಗೆ ಹಾಕುವಾಗ ನೋಡಿದೆ. ಒಂದು ಗಂಟೆಯ ಕೆಲಸ, ಎಂತ ಇಲ್ಲ.”

“ನನ್ನ ಹತ್ರ ಹೇಳ್ಲಿಕ್ಕೆ ಎಂತ ಆಗಿತ್ತು?”

“ಮೂರು ಸಲ ಬಂದೆನಲ್ಲ. ನೀವು ಮಾತಾಡಿದ್ರೆ ಅಲ್ವಾ ಹೇಳುದು?” ಅವನು ನೆಲ ನೋಡಿದ. “ಬೇಜಾರು ಮಾಡ್ಬೇಡಿ. ನಾನೂ ಫಸ್ಟಿಗೆ ಹಾಗೇ ಹೊಲಿದದ್ದು. ನಮ್ಮ ಇಗರ್ಜಿಯಲ್ಲಿ ಪಾದ್ರಿ ಆಗುವ ಮೊದಲು ಹುಡುಗರಿಗೆ ಒಂದು ಪಟ್ಟಿ ಹಾಕ್ತಾರೆ, ಅದೂ ಎಡ ಹೆಗಲಿಗೇ. ಮತ್ತೆ ಡೌಟ್ ಬಂತು, ಭಾವನತ್ರ ಕಫೀಲನಿಗೆ ಫೋನ್ ಮಾಡಿಸಿ ಕೇಳಿದೆ. ಬಿಚ್ಚಿ ಪುನಃ ಹೊಲಿದೆ.”

ನನಗೆ ನಂಬಿಕೆ ಬರಲಿಲ್ಲ. ಸಮಾಧಾನ ಮಾಡಲು ಕಟ್ಟಿದ ಸುಳ್ಳು, ನನ್ನನ್ನು ಇನ್ನೂ ಸಣ್ಣವನನ್ನಾಗಿ ಮಾಡುವ ಉಪಾಯ ಎಂದುಕೊಂಡೆ. “ಯಾರಿಗೆಲ್ಲ ಹೇಳಿದ್ದೀ?” ಎಂದು ಕೇಳಿದೆ.

“ಭಾವನಿಗೆ ಮಾತ್ರ ಗೊತ್ತುಂಟು. ಗ್ರೇಸಿಗೂ ಹೇಳಲಿಲ್ಲ.”

ಕೆಟ್ಟವನನ್ನು ದ್ವೇಷಿಸುವುದು ಸುಲಭ, ಅದರಲ್ಲಿ ಒಂದು ನೆಮ್ಮದಿಯೂ ಇರುತ್ತದೆ. ನನ್ನ ಮಾನ ಉಳಿಸಿದವನ ಮೇಲಿನ ಹೊಟ್ಟೆಕಿಚ್ಚು ಅನ್ನ ಸೇರಲು ಬಿಡಲಿಲ್ಲ. ಆ ಮಾಸ್ಟರ್ ಕುರ್ಚಿಯಲ್ಲಿ ಅವನು ಕೂತಿರುವುದನ್ನು ದಿನಾ ನೋಡಲಾರೆ ಎನಿಸಿತು. ಫೆಲಿಕ್ಸನ ಹತ್ತಿರ ಹೋಗಿ, ಜುಲೈಯಲ್ಲಿ ನನಗೆ ರಜೆ ಬೇಕು, ಇಲ್ಲದಿದ್ದರೆ ಖಲಾಸ್, ಕೆಲಸವೇ ಬೇಡ ಎಂದೆ.

ಜುಲೈಯ ರಜೆ ಲಾರೆನ್ಸನದ್ದಾಗಿತ್ತು. ಮಗಳಿಗೆ ಊರಿನ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಕೊಡಿಸಲೆಂದು ಟಿಕೆಟ್ಟಿಗೂ ಹೇಳಿಟ್ಟಿದ್ದ. ಬಿಳಿ ಫ್ರಾಕನ್ನು ತಾನೇ ಹೊಲಿದಿದ್ದ. ಇಬ್ಬರನ್ನೂ ಒಟ್ಟಿಗೆ ಬಿಡುವ ಹಾಗಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಲಾರೆನ್ಸ್, “ಅವರೇ ಹೋಗ್ಲಿ ಭಾವ, ಒಬ್ಬಂಟಿ ಜನ. ನಾವು ಸೆಪ್ಟೆಂಬರಿಗೆ ಹೋಗುವ” ಎಂದನಂತೆ. ಜುಲೈ ಕೊನೆಯ ವಾರ ನಾನು ವಿಮಾನ ಹತ್ತಿದೆ. ಅವನಿಗೆ ಹೋಗಿ ಬರ್ತೇನೆ ಎಂದೂ ಹೇಳಲಿಲ್ಲ.

ಊರಿಗೆ ಬಂದು ಐದನೆಯ ದಿನ ಹೋಟೆಲಿನ ರೇಡಿಯೋದಲ್ಲಿ ಸುದ್ದಿ ಬಂತು. ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತ್ತು. ದೊರೆ ಮತ್ತು ಮನೆತನದವರು ಗಡಿ ದಾಟಿ ಸೌದಿ ಸೇರಿದರಂತೆ. ಪುಣ್ಯವಂತ ಎಂದು ಜನ ನನ್ನ ಬೆನ್ನು ತಟ್ಟಿದರು. ಶಶಿಕಲಾ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ದೇವರ ಕೋಣೆಗೆ ಹೋಗಲೇ ಇಲ್ಲ. ಮಳೆ ಸುರಿಯುತ್ತಿತ್ತು, ನನ್ನ ತಲೆಯಲ್ಲಿ ಮೈದಾನ್ ಹವಲ್ಲಿಯ ಆ ಕಿಟಕಿ, ಆ ಪರದೆ, ಬಿಳಿ ಫ್ರಾಕು. ನಾನು ಎಣಿಸಿಟ್ಟ ಒಂದೊಂದೂ ನೆನಪಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ಅವರು ಮೂವರೂ ನಮ್ಮ ಅಂಗಳಕ್ಕೆ ಬಂದರು. ಬಸ್ರಾ, ಬಾಗ್ದಾದ್, ಜೋರ್ಡಾನಿನ ಗಡಿಯ ಮರಳಿನಲ್ಲಿ ಡೇರೆ, ಅಮ್ಮಾನಿನಿಂದ ಮುಂಬಯಿಗೆ ವಿಮಾನ. ಲಾರೆನ್ಸ್ ಯಾರದ್ದೋ ದೊಗಲೆ ಅಂಗಿ ಹಾಕಿದ್ದ. ಗ್ರೇಸಿಯ ಕೊರಳಲ್ಲಿ ಚಿನ್ನವಿರಲಿಲ್ಲ. ರೋಶ್ನಿ ನನ್ನನ್ನು ನೋಡಿ, “ಮಾಮ, ನೀರು ಉಂಟಾ?” ಎಂದಳು. ಕನ್ನಡದಲ್ಲಿ. ನೀರಿನ ಕ್ಯೂನಲ್ಲಿ ಊರಿನವರ ಹತ್ತಿರ ಕೇಳಿ ಕೇಳಿ ಅಭ್ಯಾಸವಾಯಿತು ಎಂದು ಗ್ರೇಸಿ ಹೇಳಿದಳು. ತಂದ ತಂಬಿಗೆಯನ್ನು ಮಗು ಎರಡೂ ಕೈಯಲ್ಲಿ ಹಿಡಿದು, ಅರ್ಧ ಕುಡಿದು, ಉಳಿದರ್ಧವನ್ನು ಅಮ್ಮನಿಗೆ ಕೊಟ್ಟಿತು.

ಲಾರೆನ್ಸ್ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದ. ನಾನು ಶಾಪಿನ ಡ್ರಾಯರಿನಲ್ಲಿ ಬಿಟ್ಟುಬಂದಿದ್ದ ಚಿಮಟ, ನನ್ನ ಅಪ್ಪ ಬಳಸಿದ್ದು. “ಶಾಪು ಲೂಟಿ ಆಗುವ ಮೊದಲು ಒಮ್ಮೆ ಹೋಗಿದ್ದೆ. ಸಣ್ಣ ಸಾಮಾನು, ಜೇಬಿಗೆ ಹಿಡೀತು” ಎಂದ. ಅವನ ಸ್ವಂತ ಕತ್ತರಿ? ದೊಡ್ಡದು, ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಂಡರಂತೆ. ಆಗಲೂ ನನ್ನ ಮನಸ್ಸಿನಲ್ಲಿ ಎದ್ದದ್ದು ಅದೇ ಹಳೆಯ ಕಿಚ್ಚು: ಎಲ್ಲ ಕಳೆದುಕೊಂಡು ನಿಂತಾಗಲೂ ಇವನೇ ಮೇಲು. ನನಗೆ ಕೊಡಲು ಏನೂ ಉಳಿಸುವುದಿಲ್ಲ ಇವನು. “ಊಟ ಮಾಡಿ ಹೋಗಿ” ಎಂದೆ. ರಜೆಯ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಮರುವರ್ಷ ಕುವೈತು ಬಿಡುಗಡೆಯಾದ ಮೇಲೆ ಕಫೀಲ್ ಮಾಸ್ಟರನನ್ನು ಕರೆಸಿಕೊಳ್ಳಲು ಕಾಗದ ಬರೆದ. ಲಾರೆನ್ಸನಿಗೆ. ಗ್ರೇಸಿ ಇನ್ನು ಆ ದಾರಿ ಬೇಡ ಎಂದಳಂತೆ. ಅವನು ಮಂಗಳೂರಿನಲ್ಲೇ ಒಂದು ಸಣ್ಣ ಟೈಲರ್ ಅಂಗಡಿ ಹಾಕಿದ. ಕಫೀಲನಿಗೆ ಬರೆದ ಉತ್ತರದಲ್ಲಿ ನನ್ನ ಹೆಸರು ಕೊಟ್ಟ. ಹೀಗೆ ನಾನು ಮಾಸ್ಟರ್ ಆದೆ.

1991ರ ಬೇಸಿಗೆಯಲ್ಲಿ ಇಳಿದಾಗ ಮಧ್ಯಾಹ್ನವೇ ದೀಪ ಹಚ್ಚಿದ್ದರು. ಎಣ್ಣೆಬಾವಿಗಳು ಉರಿದು ಆಕಾಶವೆಲ್ಲ ಮಸಿ. ಮೂಗು ಒರೆಸಿದರೆ ಕರವಸ್ತ್ರ ಕಪ್ಪು. ರಾಯ್‌ನ ಶೆಡ್ಡಿನಲ್ಲಿ ಮೆಶಿನ್ನುಗಳಿರಲಿಲ್ಲ, ಬಹುಮಾನದ ಕಪ್ಪುಗಳಿರಲಿಲ್ಲ, ಫ್ಯಾನನ್ನೂ ಬಿಚ್ಚಿ ಒಯ್ದಿದ್ದರು. ಆ ಕುರ್ಚಿಯೂ ಇರಲಿಲ್ಲ. ಲಾರೆನ್ಸನ ಮೇಜಿದ್ದ ಗೋಡೆಯಲ್ಲಿ ಆ ಚಿತ್ರದ ಕಾರ್ಡು ಮಾತ್ರ ಮೊಳೆಗೆ ನೇತಾಡುತ್ತಿತ್ತು, ಯಾರಿಗೂ ಬೇಡವಾಗಿ. ತೆಗೆದು ಮಸಿ ಒರೆಸಿದೆ. ಚಿತ್ರದ ಮನುಷ್ಯನ ಎರಡು ಹೆಗಲ ಮೇಲೂ ಪೆನ್ಸಿಲಿನಲ್ಲಿ ಕನ್ನಡದ ಅಕ್ಷರಗಳು: ಬಲ, ಎಡ. ಅಡಿಯಲ್ಲಿ ರಬ್ಬರಿನಿಂದ ಉಜ್ಜಿದ ಗುರುತು. ಬಾಗಿಲಿನ ಬೆಳಕಿಗೆ ಹಿಡಿದು ನೋಡಿದೆ. ಮೊದಲು ಅವನು ಬಲ ಇರುವಲ್ಲಿ ಎಡ ಎಂದು ಬರೆದಿದ್ದ, ಎಡ ಇರುವಲ್ಲಿ ಬಲ.

ಅವನು ಹೇಳಿದ್ದು ನಿಜವಾಗಿತ್ತು. ಅವನೂ ನನ್ನ ಹಾಗೆಯೇ ತಪ್ಪಿದ್ದ. ಅನುಮಾನ ಬಂದಾಗ ಕೇಳಿದ, ಅಷ್ಟೇ. ಆಮೇಲೆ ಆ ಕಾರ್ಡನ್ನು ಹಿಡಿದುಕೊಂಡು ಮೂರು ಸಲ ನನ್ನ ಮೇಜಿಗೆ ಬಂದಿದ್ದ. ನಾನು ಆ ಖಾಲಿ ಶೆಡ್ಡಿನಲ್ಲಿ ನೆಲದ ಮೇಲೆ ಕೂತು ಅತ್ತೆ. ಹೊಟ್ಟೆಕಿಚ್ಚು ಅವತ್ತೇ ಆರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅಂಥ ಬೆಂಕಿ ಆರಲು ವರ್ಷಗಳು ಬೇಕಾದವು. ಶಶಿಕಲಾ ಬಂದಳು, ಮಕ್ಕಳಾದವು, ನಾವೂ ಮೈದಾನ್ ಹವಲ್ಲಿಯಲ್ಲೇ ಮನೆ ಮಾಡಿದೆವು. ರಜೆಗೆ ಬಂದಾಗಲೆಲ್ಲ ಲಾರೆನ್ಸನ ಅಂಗಡಿಗೆ ಹೋಗುತ್ತಿದ್ದೆ. ಕ್ಷಮಿಸು ಎಂಬ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದು ಪ್ರತಿ ಸಲವೂ, ಒಂದು ಶರ್ಟ್ ಹೊಲಿದುಕೊಡು ಎಂದಾಗಿ ಹೊರಬೀಳುತ್ತಿತ್ತು. ನನ್ನ ಹತ್ತಿರ ಅವನು ಹೊಲಿದ ಇಪ್ಪತ್ತಕ್ಕೂ ಹೆಚ್ಚು ಶರ್ಟುಗಳಿವೆ. ಕಳೆದ ಆಷಾಢದಲ್ಲಿ ಅವನು ಹೋದ.

“ಇನ್ನು ಯಾರದ್ದಾದರೂ ಹೆಸರು ಉಂಟಾ?” ಎಂದು ಪುರೋಹಿತರು ಕೇಳಿದರು. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಅಣ್ಣ, ಮಾವ, ಎಲ್ಲರಿಗೂ ಎಳ್ಳುನೀರು ಆಗಿತ್ತು. ನಾವೂ ಆ ದೊರೆಯ ಹಾಗೆಯೇ, ಮನೆಯವರಿಗೆ ಮಾತ್ರ. ಆದರೆ ಮಹಾಲಯದಲ್ಲಿ ಸ್ನೇಹಿತರಿಗೂ ಉಪಕಾರ ಮಾಡಿದವರಿಗೂ ಬಿಡಬಹುದೆಂದು ಕೇಳಿದ್ದೆ.

“ಉಂಟು. ಲಾರೆನ್ಸ್.”

ಅವರು ನನ್ನ ಮುಖ ನೋಡಿದರು. ದರ್ಭೆಯ ತುದಿ ಸರಿಮಾಡಿದರು. “ಗೋತ್ರ?” ಎಂದರು.

“ಗೊತ್ತಿಲ್ಲ.”

“ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ” ಎಂದು ಅವರು ಮಂತ್ರ ಹಿಡಿದರು. ಬೊಗಸೆಯ ನೀರು ಹೆಬ್ಬೆರಳಿನ ಸಂದಿನಿಂದ ಇಳಿಯುವಾಗ ನಾನು ಒಮ್ಮೆ ಜನಿವಾರವನ್ನು ಮುಟ್ಟಿ ನೋಡಿಕೊಂಡೆ. ಬಲ ಹೆಗಲಲ್ಲೇ ಇತ್ತು. ಈ ಸಲ ತಪ್ಪಿರಲಿಲ್ಲ, ಬಿಚ್ಚಿ ಹೊಲಿಯುವ ಕೆಲಸ ಅವನಿಗೆ ಉಳಿದಿರಲಿಲ್ಲ.